ಯಾರ ಪ್ರಶ್ನೆಗೆ ಯಾರ ಉತ್ತರ: ಸಾಮಾಜಿಕ ಉದ್ಯಮಿಗಳ ಬಿನ್ನಹದ ಭಾಷೆ



ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್ 1976ರಲ್ಲಿ ಪಕ್ಕದ ಜೋಬ್ರಾ ಎಂಬ ಹಳ್ಳಿಯಲ್ಲಿ ಸಾಲಕ್ಕೆ ಸಿಕ್ಕಿಕೊಂಡಿದ್ದ 42 ಮಂದಿಯ ಪಟ್ಟಿ ಮಾಡಿಸಿದರು. ಅಷ್ಟೂ ಜನರ ಸಾಲ ಕೂಡಿಸಿದಾಗ ಆದದ್ದು 27 ಡಾಲರ್. ಅದನ್ನು ಅವರು ಜೇಬಿನಿಂದಲೇ ಕೊಟ್ಟರು. ಈ ಕಥೆಯನ್ನು ಯೂನುಸ್ ಎಷ್ಟು ವೇದಿಕೆಗಳಲ್ಲಿ ಹೇಳಿದ್ದಾರೋ ಲೆಕ್ಕವಿಲ್ಲ. ಬಿದಿರಿನ ಸ್ಟೂಲು ಹೆಣೆಯುವ ಹೆಂಗಸು, ಬಿದಿರು ಕೊಳ್ಳಲು ದುಡ್ಡಿಲ್ಲದೆ ಮಧ್ಯವರ್ತಿ ಹೇಳಿದ ಬೆಲೆಗೇ ಸ್ಟೂಲು ಮಾರಬೇಕಾದ ಅವಳ ಪಾಡು, ಪಠ್ಯಪುಸ್ತಕದ ಸಿದ್ಧಾಂತಗಳ ಬಗ್ಗೆ ನಾಚಿಕೊಂಡ ಪ್ರಾಧ್ಯಾಪಕ, ಕೇಳುವವನು ತನ್ನ ಕೈಚೀಲವನ್ನೇ ನೋಡಿಕೊಳ್ಳುವಂತೆ ಮಾಡುವ ಆ ಸಣ್ಣ ಮೊತ್ತ: ಒಂದು ಒಳ್ಳೆಯ ಬಿನ್ನಹಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ. 1983ರಲ್ಲಿ, ಆ ಪ್ರಯತ್ನದಿಂದ ಬೆಳೆದ ಗ್ರಾಮೀಣ ಬ್ಯಾಂಕ್ ಸ್ವತಂತ್ರ ಬ್ಯಾಂಕಾಯಿತು. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಕಿರುಸಾಲ ಶೃಂಗಸಭೆ, 2005ರೊಳಗೆ ಜಗತ್ತಿನ ಹತ್ತು ಕೋಟಿ ಕಡುಬಡ ಕುಟುಂಬಗಳಿಗೆ ಸಾಲ ಮುಟ್ಟಿಸುವ ಗುರಿ ಹಾಕಿಕೊಂಡಿತು. ಆ 2005ನ್ನೇ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಕಿರುಸಾಲ ವರ್ಷವೆಂದು ಸಾರಿತು. 2006ರಲ್ಲಿ ಯೂನುಸ್ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ 27 ಡಾಲರ್‌ ಕಥೆ ಇರದಿದ್ದರೆ ಇಷ್ಟೆಲ್ಲ ಇಷ್ಟು ಬೇಗ ನಡೆಯುತ್ತಿತ್ತು ಎಂದು ನನಗೆ ಅನಿಸುವುದಿಲ್ಲ.

ಇಂಥ ಮಾತುಗಾರಿಕೆಗೆ ಈಗ ಪಿಚ್ ಎಂಬ ಹೆಸರು ರೂಢಿಯಾಗಿದೆ. ನಾನು ಬಿನ್ನಹ ಎಂದೇ ಹೇಳುತ್ತೇನೆ. ಅರಮನೆಗೆ, ಕಚೇರಿಗೆ, ಮಠಕ್ಕೆ ಬಿನ್ನಹ ಮಾಡಿಕೊಂಡು ನಮಗೆ ಹಳೆಯ ಅಭ್ಯಾಸವಿದೆ. ಆದರೆ ಒಂದು ವ್ಯತ್ಯಾಸವನ್ನು ಆರಂಭದಲ್ಲೇ ಗಮನಿಸಬೇಕು. ಹಳೆಯ ಬಿನ್ನಹದಲ್ಲಿ ಕಷ್ಟ ಪಟ್ಟವನೇ, ಅಥವಾ ಅವನ ಊರಿನವರೇ, ಕೈಮುಗಿದು ನಿಲ್ಲುತ್ತಿದ್ದರು. ಸಾಮಾಜಿಕ ಉದ್ಯಮಿಯ ಬಿನ್ನಹದಲ್ಲಿ ಮೂವರಿದ್ದಾರೆ: ಮಾತಾಡುವವನು, ಹಣ ಕೊಡುವವನು, ಮತ್ತು ಆ ಕೋಣೆಯಲ್ಲಿಲ್ಲದ ಮೂರನೆಯವನು. ಬದುಕು ಬದಲಾಗಬೇಕಾದದ್ದು ಆ ಮೂರನೆಯವನದು. ಸಾಮಾಜಿಕ ಉದ್ಯಮಿಗಳಿಗೆ ಬೆಂಬಲ ಕೊಡಲು ಬಿಲ್ ಡ್ರೇಟನ್ 1980ರಲ್ಲಿ ಕಟ್ಟಿದ ಅಶೋಕ ಸಂಸ್ಥೆಯಿಂದ ಹಿಡಿದು ಶ್ವಾಬ್, ಸ್ಕೋಲ್ ಪ್ರತಿಷ್ಠಾನಗಳವರೆಗೆ ಕೇಳುಗರ ದೊಡ್ಡ ಬಳಗವೇ ಬೆಳೆದಿದೆ. ನಮ್ಮಲ್ಲಿ 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಮೀಸಲಿಡಿಸಿದ ಮೇಲೆ, ಒಂದೊಂದು ಸಿಎಸ್‌ಆರ್ ವಿಭಾಗವೂ ಬಿನ್ನಹ ಕೇಳುವ ಕಚೇರಿಯಾಯಿತು. ಕೇಳುವವರು ಹೆಚ್ಚಿದಂತೆ ಹೇಳುವ ಬಗೆಯೂ ಒಂದು ಅಚ್ಚಿಗೆ ಇಳಿಯಿತು. ಮೊದಲು ಕೋಟಿಗಟ್ಟಲೆ ಜನರ ಕಷ್ಟದ ಅಂಕಿ, ಆಮೇಲೆ ಒಬ್ಬಳ ಕಥೆ, ಆಮೇಲೆ ಯಾರಿಗೂ ಹೊಳೆಯದಿದ್ದ ಸುಲಭ ಉಪಾಯ, ಅದು ಫಲಿಸಿತೆಂದು ತೋರಿಸುವ ಒಂದು ಸಂಖ್ಯೆ, ಕೊನೆಗೆ ಇದನ್ನು ದೇಶದಾದ್ಯಂತ ಹಬ್ಬಿಸಲು ಬೇಕಾದ ಹಣ. ಈ ಅಚ್ಚಿನಲ್ಲಿ ಸುಳ್ಳು ಇರಲೇಬೇಕೆಂದಿಲ್ಲ. ನನ್ನ ತಕರಾರು ಸುಳ್ಳಿನ ಬಗ್ಗೆಯೂ ಅಲ್ಲ. ಪ್ರತಿ ವಾಕ್ಯವೂ ನಿಜವಾಗಿರುವ ಬಿನ್ನಹದಲ್ಲಿಯೂ, ಹಣ ಕೊಡುವವನ ಪ್ರಶ್ನೆಗೆ ಸಿಕ್ಕ ಉತ್ತರ ಸದ್ದಿಲ್ಲದೆ ಆ ಮೂರನೆಯವನ ಪ್ರಶ್ನೆಗೂ ಉತ್ತರವಾಗಿ ಬಂದು ಕೂರುತ್ತದೆ. ಈ ಭಾಷೆ ಮಾಡುವ ಮುಖ್ಯ ಕೆಲಸ ಇದೇ ಎಂಬುದು ನನ್ನ ವಾದ.

ಕಿರುಸಾಲದ ಉದಾಹರಣೆಯಲ್ಲೇ ನಿಲ್ಲೋಣ, ಅಲ್ಲಿ ಸಾಮಗ್ರಿ ಹೇರಳವಾಗಿದೆ. ಮೂರು ದಶಕಗಳ ಕಾಲ ಕಿರುಸಾಲದ ಎಲ್ಲ ಬಿನ್ನಹಗಳ ನಡುಗಂಬವಾಗಿದ್ದ ಸಂಖ್ಯೆ ಮರುಪಾವತಿಯದು. ಬಡ ಹೆಂಗಸರು ತೆಗೆದುಕೊಂಡ ಸಾಲದಲ್ಲಿ ಶೇ 95ಕ್ಕೂ ಹೆಚ್ಚು, ಕೆಲವು ಸಂಸ್ಥೆಗಳ ಪ್ರಕಾರ ಶೇ 98ರಷ್ಟು, ಹಿಂತಿರುಗುತ್ತದೆ ಎಂಬ ಮಾತು. ಇದು ದೊಡ್ಡ ಮಾತೇ. ಅಡವಿಡಲು ಏನೂ ಇಲ್ಲದವರಿಗೆ ಬ್ಯಾಂಕು ಸಾಲ ಕೊಡಬಾರದು ಎಂಬ ನಂಬಿಕೆಯನ್ನು ಅದು ಮುರಿಯಿತು. ಅದರ ಶ್ರೇಯಸ್ಸನ್ನು ಯೂನುಸ್ ಅವರಿಂದ ಯಾರೂ ಕಸಿಯಲಾಗದು. ಆದರೆ ಅದು ಯಾರ ಪ್ರಶ್ನೆಗೆ ಉತ್ತರ? ನಾನು ಹಾಕಿದ ಹಣ ವಾಪಸ್ಸು ಬರುತ್ತದೆಯೇ ಎಂದು ಹೂಡುವವನು ಕೇಳುತ್ತಾನೆ, ಅದಕ್ಕೆ ಉತ್ತರ. ಸಾಲ ತೆಗೆದುಕೊಂಡು ನನ್ನ ಮನೆ ಸುಧಾರಿಸಿತೇ ಎಂಬುದು ಸಾಲಗಾರ್ತಿಯ ಪ್ರಶ್ನೆ. ಕಂತು ಕಟ್ಟಿದ್ದಾಳೆ ಎಂದರೆ ದುಡಿಮೆಯಿಂದ ಕಟ್ಟಿರಬಹುದು, ಮೂಗುಬೊಟ್ಟು ಮಾರಿ ಕಟ್ಟಿರಬಹುದು, ಇನ್ನೊಂದು ಸಂಘದ ಸಾಲ ಎತ್ತಿ ಕಟ್ಟಿರಬಹುದು, ಒಟ್ಟಿಗೆ ಸಾಲ ಪಡೆದ ಐವರ ಗುಂಪಿನ ಉಳಿದ ನಾಲ್ವರ ಬಾಯಿಗೆ ಹೆದರಿ ಕಟ್ಟಿರಬಹುದು. ಶೇ 98 ಎಂಬ ಅಂಕಿ ಈ ನಾಲ್ಕನ್ನೂ ಒಂದೇ ಮಾಡಿಬಿಡುತ್ತದೆ. ವೇದಿಕೆಯ ಮೇಲೆ ಅದು ಬರುವಾಗ ಮಾತ್ರ ಮೊದಲನೆಯದರ ವೇಷದಲ್ಲೇ ಬರುತ್ತದೆ: ಸಾಲ ತೀರಿದೆ, ಆದ್ದರಿಂದ ವ್ಯಾಪಾರ ನಡೆದಿದೆ, ಆದ್ದರಿಂದ ಬಡತನ ಇಳಿದಿದೆ. ಆ ಎರಡು 'ಆದ್ದರಿಂದ'ಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವವನೇ ಅವನ್ನು ತುಂಬಿಕೊಳ್ಳುವಂತೆ ಕಥೆಯನ್ನೂ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟಿರುತ್ತಾರೆ.

ಸಾಲಗಾರ್ತಿಯ ಪ್ರಶ್ನೆಯನ್ನು ನೇರವಾಗಿ ಕೇಳಿ ನೋಡಿದವರೂ ಇದ್ದಾರೆ. ಬಾಂಗ್ಲಾದೇಶದಲ್ಲಿ ಆನ್ ಮೇರಿ ಗೋಟ್ಸ್ ಮತ್ತು ರೀನಾ ಸೇನ್‌ಗುಪ್ತಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರ ಹೆಸರಿನಲ್ಲಿ ಬಂದ ಸಾಲದ ಮೇಲೆ ಪೂರ್ತಿ ಅಥವಾ ಹೆಚ್ಚಿನ ಹಿಡಿತ ಇದ್ದವರು ಅರ್ಧಕ್ಕಿಂತ ಕಡಿಮೆ ಎಂದು ಕಂಡುಬಂತು. ಉಳಿದ ಮನೆಗಳಲ್ಲಿ ಹಣ ಗಂಡಸರ ಕೈಗೆ ಹೋಗುತ್ತಿತ್ತು, ಕಂತಿನ ಹೊಣೆ ಮಾತ್ರ ಹೆಂಗಸಿನ ಹೆಸರಿನಲ್ಲೇ ಉಳಿಯುತ್ತಿತ್ತು. ಹೈದರಾಬಾದಿನಲ್ಲಿ 2005ರಿಂದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು 104 ಬಡಾವಣೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಅರ್ಧದಲ್ಲಿ ಕಿರುಸಾಲದ ಶಾಖೆ ತೆರೆಸಿ, ಉಳಿದರ್ಧದ ಜೊತೆ ಹೋಲಿಸಿದರು. ಮೊದಲೇ ಅಂಗಡಿ ಇಟ್ಟಿದ್ದ ಕೆಲವರು ಅದನ್ನು ಬೆಳೆಸಿದ್ದರು. ಬಾಳಿಕೆ ಬರುವ ವಸ್ತುಗಳ ಖರೀದಿ ಹೆಚ್ಚಿತ್ತು. ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಂಗಸಿನ ಮಾತಿನ ತೂಕ, ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2015ರಲ್ಲಿ ಆರು ದೇಶಗಳ ಇಂಥವೇ ಆರು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು: ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ. ಎಲ್ಲವೂ ಸರಿಸುಮಾರು ಒಂದೇ ಮಾತು ಹೇಳಿದವು: ಅಲ್ಪಸ್ವಲ್ಪ ಒಳಿತಾಗಿದೆ, ಬದುಕು ಬದಲಾಗಿಲ್ಲ. ಕಿರುಸಾಲವೆಂದರೆ ಬರೀ ಹಾನಿ ಎಂದು ಕೂಗುತ್ತಿದ್ದವರಿಗೂ ಇದರಲ್ಲಿ ನಿರಾಸೆಯಿದೆ ಎಂಬುದನ್ನು ಹೇಳಲೇಬೇಕು. ಅಲ್ಪಸ್ವಲ್ಪ ಒಳಿತು ಎಂಬುದು ಸರ್ಕಾರದ ಎಷ್ಟೋ ಯೋಜನೆಗಳು ಹೇಳಿಕೊಳ್ಳಲಾಗದ ಫಲ. ಆದರೆ ಹತ್ತು ಕೋಟಿ ಕುಟುಂಬಗಳ ಗುರಿಯನ್ನು ಯಾರೂ ಅಲ್ಪಸ್ವಲ್ಪದ ಹೆಸರಿನಲ್ಲಿ ಹಾಕಿಕೊಂಡಿರಲಿಲ್ಲ.

ಮಾತಿಗೂ ಬದುಕಿಗೂ ಇದ್ದ ಈ ಅಂತರ 2010ರಲ್ಲಿ ಆಂಧ್ರಪ್ರದೇಶದಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ವಿಕ್ರಮ್ ಅಕುಲಾ ಕಟ್ಟಿದ ಎಸ್‌ಕೆಎಸ್ ಮೈಕ್ರೊಫೈನಾನ್ಸ್ ಆ ವರ್ಷ ಆಗಸ್ಟಿನಲ್ಲಿ 985 ರೂಪಾಯಿಗೆ ಒಂದರಂತೆ ಷೇರು ಮಾರಿತು. ಸುಮಾರು 1,650 ಕೋಟಿ ರೂಪಾಯಿ ಹುಟ್ಟಿತು. ಲಾಭದ ದಾರಿಯಲ್ಲಿ ನಡೆದರೆ ಮಾತ್ರ ಬಡವರಿಗೆ ಬೇಕಾದಷ್ಟು ಬಂಡವಾಳ ಸಿಗುತ್ತದೆ ಎಂಬುದು ಅಕುಲಾ ಅವರ ವಾದ. ಸಾಲಗಾರರೇ ಬಹುಪಾಲು ಒಡೆಯರಾಗಿರುವ ಬ್ಯಾಂಕು ಕಟ್ಟಿದ ಯೂನುಸ್ ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಸಾಲದ ಒತ್ತಡದಿಂದ ಆತ್ಮಹತ್ಯೆಗಳಾಗುತ್ತಿವೆ ಎಂಬ ವರದಿಗಳ ನಡುವೆ, ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿ ಬಹುಮಟ್ಟಿಗೆ ನಿಂತೇಹೋಯಿತು. ಅಷ್ಟು ವರ್ಷ ಹೇಳಿಕೊಂಡು ಬಂದಿದ್ದ ಮರುಪಾವತಿಯ ಅಂಕಿ ಕೆಲವೇ ವಾರಗಳಲ್ಲಿ ನೆಲ ಕಚ್ಚಿತು. ಈ ಕಥೆಯನ್ನು ಆರ್ಥಿಕ ಪತ್ರಿಕೆಗಳು ಬಡ್ಡಿ ಮತ್ತು ರಾಜಕೀಯದ ಕಥೆಯಾಗಿ ಬರೆದವು. ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಬೇರೆ. ಷೇರು ಮಾರುವ ಕಂಪನಿ ತನ್ನ ದಾಖಲೆಯಲ್ಲಿ ಅಪಾಯಗಳ ಪಟ್ಟಿಯನ್ನು ಕೊಡಲೇಬೇಕೆಂಬುದು ಸೆಬಿ ನಿಯಮ. ಆದ್ದರಿಂದ ಮುಂಬಯಿಯಲ್ಲಿ ಷೇರು ಕೊಳ್ಳುವವನಿಗೆ ಇದರಲ್ಲಿ ಏನೇನು ಕೆಡಬಹುದು ಎಂದು ಪುಟಗಟ್ಟಲೆ ತಿಳಿಸಲಾಗುತ್ತಿತ್ತು. ವಾರದ ಕಂತಿಗೆ ಸಹಿ ಹಾಕುವ ಹೆಂಗಸಿಗೆ ಏನೇನು ಕೆಡಬಹುದು ಎಂದು ಹೇಳುವ ಹಾಳೆ ಇರಲಿಲ್ಲ. ಒಂದೇ ವ್ಯವಹಾರದ ಎರಡು ತುದಿಗಳಲ್ಲಿ ಎರಡು ಭಾಷೆ. ಸಾಲಗಾರ್ತಿಗೆ ಭರವಸೆಯದು, ಹೂಡಿಕೆದಾರನಿಗೆ ಎಚ್ಚರಿಕೆಯದು.

ಆಮೇಲೆ ಬಂದ ಪರಿಹಾರವೂ ಭಾಷೆಯದೇ ಆಗಿತ್ತು ಎಂಬುದನ್ನು ಹೆಚ್ಚು ಜನ ಗಮನಿಸಿಲ್ಲ. ಕಿರುಸಾಲದ ಸಮಸ್ಯೆ ಪರಿಶೀಲಿಸಲು ರಿಸರ್ವ್ ಬ್ಯಾಂಕ್ ನೇಮಿಸಿದ್ದ ಮಾಲೇಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಅದರ ಬೆನ್ನಲ್ಲೇ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮಗಳಲ್ಲಿ ಬಡ್ಡಿಯ ಮಿತಿಯ ಜೊತೆಗೆ, ಸಾಲದ ಕಾರ್ಡು ಸ್ಥಳೀಯ ಭಾಷೆಯಲ್ಲಿರಬೇಕು, ಬಡ್ಡಿ, ಸಂಸ್ಕರಣಾ ಶುಲ್ಕ, ವಿಮೆಯ ಕಂತು ಈ ಮೂರನ್ನು ಬಿಟ್ಟು ಬೇರೆ ಹೆಸರಿನ ವಸೂಲಿ ಇರಕೂಡದು ಎಂಬ ಮಾತೂ ಇತ್ತು. 2022ರ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಲದ ಬೆಲೆಯನ್ನು ತಿಳಿಸುವ ಸರಳ ಮಾಹಿತಿ ಪತ್ರವನ್ನು ಕಡ್ಡಾಯ ಮಾಡಿತು. ಒಂದು ಕುಟುಂಬ ಕಟ್ಟಬೇಕಾದ ಎಲ್ಲ ಸಾಲದ ಕಂತುಗಳು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದಿತು. ಅಂದರೆ ಸಾಲಗಾರ್ತಿಯ ಪ್ರಶ್ನೆಗೂ ಒಂದು ಹಾಳೆ ಬೇಕು ಎಂದು ನಿಯಂತ್ರಕರಿಗೆ ಅರ್ಥವಾಗಲು ಒಂದು ರಾಜ್ಯದ ಸಾಲವ್ಯವಸ್ಥೆ ಕುಸಿಯಬೇಕಾಯಿತು. ಕಾಗದ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ನಮ್ಮ ರಾಜ್ಯದಲ್ಲೇ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟ ಸುದ್ದಿಗಳು ಬಂದು, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವೂ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸದ ಶಿಕ್ಷೆ ಅದರಲ್ಲಿತ್ತು.

ಇದು ಹಣದ ವ್ಯವಹಾರಕ್ಕೆ ಮಾತ್ರ ಅಂಟಿದ ರೋಗ ಎಂದು ಯಾರಾದರೂ ಹೇಳಬಹುದು. ಹಾಗಾದರೆ ದಕ್ಷಿಣ ಆಫ್ರಿಕಾದ ಪ್ಲೇಪಂಪ್ ನೋಡಿ. ಮಕ್ಕಳು ಕೂತು ಸುತ್ತುವ ತಿರುಗಣೆಗೆ ಕೊಳವೆಬಾವಿಯ ಪಂಪನ್ನು ಜೋಡಿಸುವುದು. ಮಕ್ಕಳು ಆಡಿದಷ್ಟೂ ನೀರು ಮೇಲಿನ ತೊಟ್ಟಿಗೆ ಏರುತ್ತದೆ. ತೊಟ್ಟಿಯ ಮೈಮೇಲಿನ ಜಾಹೀರಾತಿನ ಹಣದಿಂದ ದುರಸ್ತಿಯ ಖರ್ಚು ಹುಟ್ಟುತ್ತದೆ. ಇದನ್ನು ಜಗತ್ತಿಗೆ ಪರಿಚಯಿಸಿದ ಟ್ರೆವರ್ ಫೀಲ್ಡ್ ಜಾಹೀರಾತಿನ ಕಸುಬಿನಿಂದ ಬಂದವರು ಎಂಬುದರಲ್ಲಿ ಆಶ್ಚರ್ಯವೇನಿಲ್ಲ. ಆಟವೇ ನೀರು ಎಂಬ ಬಿನ್ನಹ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದದ್ದು. 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ನ್ಯೂಯಾರ್ಕಿನ ವೇದಿಕೆಯ ಮೇಲೆ ನಿಂತು 1 ಕೋಟಿ 64 ಲಕ್ಷ ಡಾಲರ್ ನೆರವು ಘೋಷಿಸಿದರು. 2010ರೊಳಗೆ 4,000 ಪಂಪು ಹಾಕುವ ಗುರಿ. ಅಲ್ಲಿ ಕೂತು ಕೇಳಿದವರ ಪ್ರಶ್ನೆ, ಎಷ್ಟು ಪಂಪು ಹಾಕಿದಿರಿ ಎಂಬುದು. ಊರಿನ ಹೆಂಗಸರ ಪ್ರಶ್ನೆ, ಮಕ್ಕಳು ಶಾಲೆಯಲ್ಲಿರುವಾಗ ಬೆಳಗಿನ ನೀರಿಗೆ ಏನು ಮಾಡೋಣ ಎಂಬುದು. ಅವರು ಮಾಡಿದ್ದು ಇಷ್ಟೇ: ಸೊಂಟ ಬಗ್ಗಿಸಿ ಆ ಭಾರದ ತಿರುಗಣೆಯನ್ನು ಕೈಯಿಂದ ತಿರುಗಿಸಿದರು. ಮೊದಲಿದ್ದ ಕೈಪಂಪು ಅದಕ್ಕಿಂತ ಹಗುರವಾಗಿತ್ತು. ಹೇಳಿದಷ್ಟು ಜನರಿಗೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿತು. ಮುಖ್ಯ ದಾನಿಗಳಲ್ಲೊಂದಾಗಿದ್ದ ಕೇಸ್ ಪ್ರತಿಷ್ಠಾನ 2010ರಲ್ಲಿ ಯೋಜನೆ ಗುರಿ ಮುಟ್ಟಲಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಆ ಒಪ್ಪಿಗೆಯನ್ನು ಮೆಚ್ಚಬೇಕು, ದಾನಿಗಳಲ್ಲಿ ಅದು ಅಪರೂಪ. ಆದರೆ ಅದು ಕೂಡ ದಾನಿಯೊಬ್ಬ ಇತರ ದಾನಿಗಳಿಗೆ ಬರೆದ ಮಾತಾಗಿತ್ತು.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಸಹಜವಾದದ್ದು. ಕೇಳುವವನಿಗೆ ತಕ್ಕಂತೆ ಮಾತಾಡುವುದು ಎಲ್ಲ ಕಾಲದ ರೂಢಿ; ಹಣವಂತನಿಗೆ ಅವನ ಭಾಷೆಯಲ್ಲಿ ಹೇಳದೆ ಇನ್ನಾವ ಭಾಷೆಯಲ್ಲಿ ಹೇಳಬೇಕು? ಒಪ್ಪುತ್ತೇನೆ. ಹಣವಂತನ ಭಾಷೆಯಲ್ಲಿ ಹೇಳಿಯೂ ಮೂರನೆಯವನ ಪ್ರಶ್ನೆಯನ್ನು ಕಳೆಯದೆ ಉಳಿಸಿಕೊಂಡವರಿದ್ದಾರೆ ಎಂಬುದೇ ನನ್ನ ಉತ್ತರ. ಬೆಂಗಳೂರಿನಲ್ಲಿ 1995ರಲ್ಲಿ ಹುಟ್ಟಿದ ಸೆಲ್ಕೊ ಕಂಪನಿಯನ್ನು ತೆಗೆದುಕೊಳ್ಳಿ. ಬಡವರಿಗೆ ಸೌರದೀಪ ಕೊಳ್ಳುವ ಶಕ್ತಿಯಿಲ್ಲ, ಅದನ್ನು ನೋಡಿಕೊಳ್ಳುವ ಶಕ್ತಿಯೂ ಇಲ್ಲ, ಇಂಥ ಕೆಲಸ ಮಾಡುವ ಕಂಪನಿ ವ್ಯಾಪಾರವಾಗಿ ನಿಲ್ಲಲಾರದು, ಈ ಮೂರೂ ತಪ್ಪು ಕಲ್ಪನೆಗಳೆಂದು ತೋರಿಸುವುದಕ್ಕೇ ಕಂಪನಿ ಹುಟ್ಟಿತು ಎಂದು ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಹೇಳುತ್ತ ಬಂದಿದ್ದಾರೆ. ಇದೂ ಅಚ್ಚುಕಟ್ಟಾದ ಬಿನ್ನಹವೇ. ಮೂರು ಎಂಬ ಎಣಿಕೆಯಲ್ಲೇ ವೇದಿಕೆಯ ಅಭ್ಯಾಸ ಕಾಣುತ್ತದೆ. ಅವರು ಮತ್ತೆ ಮತ್ತೆ ಹೇಳುವ ಇನ್ನೊಂದು ಪ್ರಸಂಗ ಬೀದಿ ವ್ಯಾಪಾರದವಳೊಬ್ಬಳದು: ತಿಂಗಳಿಗೆ 300 ರೂಪಾಯಿ ಎಂದರೆ ಅವಳಿಗೆ ದುಬಾರಿ, ದಿನಕ್ಕೆ 10 ರೂಪಾಯಿ ಎಂದರೆ ಆಗಬಹುದು. ಜೋಬ್ರಾದ ಸ್ಟೂಲಿನ ಕಥೆಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಜೋಬ್ರಾದ ಕಥೆ ಕೇಳುವವನನ್ನು ಕರಗಿಸಿ ಮುಗಿಯುತ್ತದೆ. ಈ ಪ್ರಸಂಗ ಹೇಳಿದವನ ಹೆಗಲಿಗೇ ಕೆಲಸ ಹೊರಿಸುತ್ತದೆ: ಅವಳ ಆದಾಯ ದಿನದ ಲೆಕ್ಕದ್ದಾದರೆ ಸಾಲದ ಕಂತೂ ದಿನದ್ದಾಗಬೇಕು, ಅದನ್ನು ಸಂಗ್ರಹಿಸುವವರು ಬೇಕು, ಊರಿನ ಬ್ಯಾಂಕಿನ ವ್ಯವಸ್ಥಾಪಕರನ್ನು ಒಪ್ಪಿಸಬೇಕು. ಕರಾವಳಿಗೆ ಈ ತಿಳಿವಳಿಕೆ ಹೊಸದಲ್ಲ. ಉಡುಪಿಯಲ್ಲಿ ಟಿ.ಎಂ.ಎ. ಪೈ ಮತ್ತು ಸಂಗಡಿಗರು ಕಟ್ಟಿದ್ದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲೇ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಬಾಗಿಲಿಗೆ ಹೋಗಿ ದಿನವೂ ಎತ್ತಲು ಶುರುಮಾಡಿತ್ತು. ಒಂದು ಬಿನ್ನಹದ ಕಥೆಯನ್ನು ತೂಗಲು ನನಗೆ ತೋಚುವ ಅಳತೆ ಇದು: ಆ ಕಥೆಯಿಂದ ಯಾರ ಮೇಲೆ ಹೊಣೆ ಬೀಳುತ್ತದೆ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ದೊಡ್ಡ ಬದಲಾವಣೆ ತಂದವರೆಲ್ಲ ಅಳತೆ ಮೀರಿದ ಮಾತೇ ಆಡಿದ್ದಾರೆ, ಅಲ್ಪಸ್ವಲ್ಪ ಸುಧಾರಣೆಯ ಹೆಸರಿನಲ್ಲಿ ಯಾರೂ ಬೀದಿಗೆ ಇಳಿಯುವುದಿಲ್ಲ ಎಂಬುದು. ಗಾಂಧೀಜಿಯನ್ನೇ ಸಾಕ್ಷಿಗೆ ಕರೆಯಬಹುದು. 1920ರಲ್ಲಿ ಅವರು ಒಂದು ವರ್ಷದಲ್ಲಿ ಸ್ವರಾಜ್ಯ ಎಂದರು. 1921ರ ವಸಂತದಲ್ಲಿ ಬೆಜವಾಡದಲ್ಲಿ ಕಾಂಗ್ರೆಸ್ ಸಮಿತಿ ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಒಂದು ಕೋಟಿ ಸದಸ್ಯರು, 20 ಲಕ್ಷ ಚರಕ ಎಂಬ ಗುರಿ ಹಾಕಿಕೊಂಡಿತು. ಇಂದಿನ ಯಾವ ಬಿನ್ನಹಕ್ಕೂ ಸೋಲದ ಮಾತುಗಳಿವು, ಮತ್ತು ವರ್ಷ ಕಳೆದರೂ ಸ್ವರಾಜ್ಯ ಬರಲಿಲ್ಲ. ಆದರೆ ಅಲ್ಲಿ ಕೇಳುವವರೂ ಬದುಕು ಬದಲಾಗಬೇಕಾದವರೂ ಒಬ್ಬರೇ ಆಗಿದ್ದರು. ಒಂದು ವರ್ಷ ಎಂಬ ಮಾತಿಗೆ ಷರತ್ತುಗಳಿದ್ದವು: ನೀವು ನೂಲಬೇಕು, ವಿದೇಶಿ ಬಟ್ಟೆ ಬಿಡಬೇಕು, ಅಸ್ಪೃಶ್ಯತೆ ಬಿಡಬೇಕು. ಮಾತು ಹುಸಿಯಾದಾಗ ಕೇಳುವ ಹಕ್ಕು ಕೂಡ ನೂಲಿದವರ ಕೈಯಲ್ಲಿತ್ತು, ಅವರು ಕೇಳಿದರು ಕೂಡ. ಭರವಸೆಯನ್ನು ಯಾರ ಎದುರಿಗೆ ಆಡುತ್ತಾರೋ ಅವರೇ ಅದರ ಲೆಕ್ಕ ಕೇಳಬಲ್ಲವರಾದರೆ ಉತ್ಪ್ರೇಕ್ಷೆಯನ್ನು ನಾನು ಸಹಿಸಬಲ್ಲೆ. ಜೊಹಾನ್ಸ್‌ಬರ್ಗಿನ ಆಚೆಗಿನ ಹಳ್ಳಿಯ ಹೆಂಗಸು ನ್ಯೂಯಾರ್ಕಿನ ಸಭಾಂಗಣಕ್ಕೆ ಹೋಗಿ, ನನ್ನ ಮೇಲೆ ಆಡಿದ ಮಾತು ಏನಾಯಿತು ಎಂದು ಕೇಳಲಾರಳು. ಉತ್ಪ್ರೇಕ್ಷೆ ಅಪಾಯವಾಗುವುದು ಆ ದೂರದಿಂದ.

ಮೂರನೆಯದು ವ್ಯವಹಾರಸ್ಥರ ಆಕ್ಷೇಪ. ಮಾತು ಬಿಡಿ, ಕೆಲಸ ನೋಡಿ ಎನ್ನುತ್ತಾರೆ. ಬಿನ್ನಹದ ಮಾತು ಬಿನ್ನಹದೊಂದಿಗೇ ಮುಗಿದುಹೋಗುವುದಾದರೆ ಸರಿಯೇ. ಆದರೆ ಹಾಗಾಗುವುದಿಲ್ಲ. ವೇದಿಕೆಯಲ್ಲಿ ಹೇಳಿದ ಸಂಖ್ಯೆ ಒಪ್ಪಂದಕ್ಕೆ ಹೋಗುತ್ತದೆ, ಒಪ್ಪಂದದಿಂದ ತ್ರೈಮಾಸಿಕ ವರದಿಗೆ, ವರದಿಯಿಂದ ಊರಲ್ಲಿ ತಿರುಗುವ ಸಿಬ್ಬಂದಿಯ ತಿಂಗಳ ಗುರಿಗೆ. ಮರುಪಾವತಿಯೇ ಯಶಸ್ಸಿನ ಮಾತಾದ ಕಡೆ ಸಿಬ್ಬಂದಿ ವಸೂಲಿಯನ್ನೇ ಕೆಲಸವೆಂದುಕೊಂಡರು. ಪಂಪಿನ ಎಣಿಕೆಯೇ ಮಾತಾದ ಕಡೆ, ಕೆಟ್ಟ ಪಂಪಿನ ದುರಸ್ತಿ ಯಾರ ಗುರಿಯೂ ಆಗಲಿಲ್ಲ. ಬಾಂಗ್ಲಾದೇಶದ ಮಾನವಶಾಸ್ತ್ರಜ್ಞ ಅಮೀನುರ್ ರಹಮಾನ್ 1999ರ ತಮ್ಮ ಪುಸ್ತಕದಲ್ಲಿ ಇನ್ನೊಂದು ಸಂಗತಿ ತೋರಿಸಿದ್ದಾರೆ: ಸಾಲಗಾರ್ತಿಯರು ಬ್ಯಾಂಕಿನವರ ಎದುರಿಗೆ ಒಂದು ಮಾತು, ತಮ್ಮತಮ್ಮಲ್ಲಿ ಇನ್ನೊಂದು ಮಾತು ಆಡುತ್ತಿದ್ದರು. ಹಸು ಕೊಂಡೆ, ಅಂಗಡಿ ಇಟ್ಟೆ ಎಂಬುದು ಎದುರಿಗಿನ ಮಾತು. ದಾನಿಗಳು ಊರಿಗೆ ಬಂದಾಗ ಕೇಳಿಸಿಕೊಳ್ಳುವುದು ಅದನ್ನೇ. ತಾವು ಹಣ ಕೊಟ್ಟ ಬಿನ್ನಹ ಊರಿನವರ ಬಾಯಿಂದಲೇ ಮರಳಿ ಕೇಳಿಸಿದಾಗ ಅವರಿಗೆ ಅದು ಸಾಕ್ಷ್ಯವಾಗಿ ತೋರುತ್ತದೆ. ಇದರಲ್ಲಿ ಹೆಂಗಸರ ತಪ್ಪೇನೂ ಇಲ್ಲ. ಮುಂದಿನ ಸಾಲ ಬೇಕಾದವರು ಯಾವ ಮಾತು ಆಡಬೇಕೆಂದು ಬಲ್ಲರು.

ಸರ್ಕಾರದ ಭಾಷೆ ಇದಕ್ಕಿಂತ ಮೇಲೇ ಎಂದು ಕೇಳುವವರಿಗೆ, ಅಲ್ಲವೇ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಫಲಾನುಭವಿ ಎಂಬ ಪಟ್ಟ ಕಟ್ಟಿ ಕೂರಿಸುವ ಕಚೇರಿಯ ಕನ್ನಡಕ್ಕೆ ಉತ್ಸಾಹವೂ ಇಲ್ಲ. ಆದರೆ ಸರ್ಕಾರದ ಮಾತಿಗೆ ಬೆನ್ನುಹತ್ತಲು ದಾರಿಗಳಿವೆ: ವಿಧಾನಸಭೆಯ ಪ್ರಶ್ನೋತ್ತರ, 2005ರ ಮಾಹಿತಿ ಹಕ್ಕು ಕಾಯ್ದೆ, ಉದ್ಯೋಗ ಖಾತರಿಯ ಕಾಯ್ದೆಯಲ್ಲಿ ಗ್ರಾಮಸಭೆಗೆ ಕೊಟ್ಟ ಸಾಮಾಜಿಕ ಲೆಕ್ಕಪರಿಶೋಧನೆ. ಖಾಸಗಿ ದಾನಿಗೆ ಕೊಟ್ಟ ಬಿನ್ನಹಕ್ಕೆ ಇವು ಯಾವುವೂ ಅನ್ವಯಿಸುವುದಿಲ್ಲ. ಕಂಪನಿಗಳ ದೊಡ್ಡ ಸಿಎಸ್‌ಆರ್ ಯೋಜನೆಗಳಿಗೆ 2021ರಿಂದ ಪರಿಣಾಮದ ಮೌಲ್ಯಮಾಪನ ಕಡ್ಡಾಯವಾಗಿದೆ. ಆ ವರದಿ ಸೇರುವುದು ಕಂಪನಿಯ ಮಂಡಳಿಯ ಮೇಜಿಗೆ. 2022ರಲ್ಲಿ ಸೆಬಿ ನಿಯಮ ರೂಪಿಸಿದ ಸಾಮಾಜಿಕ ಷೇರುಪೇಟೆಯಲ್ಲಿ 2023ರ ಡಿಸೆಂಬರಿನಲ್ಲಿ ಮೊದಲು ನೋಂದಾಯಿತ ಪತ್ರ ಹೊರಡಿಸಿದ್ದು ಯುವಜನರಿಗೆ ಉದ್ಯೋಗದ ತರಬೇತಿ ಕೊಡುವ ಬೆಂಗಳೂರಿನ ಉನ್ನತಿ ಫೌಂಡೇಶನ್. ಆ ಪತ್ರದ ಸ್ವರೂಪ ಯೋಚಿಸುವಂಥದ್ದು: ಕೊಂಡವನಿಗೆ ಬಡ್ಡಿಯಿಲ್ಲ, ಅಸಲೂ ಹಿಂತಿರುಗುವುದಿಲ್ಲ, ವರ್ಷಕ್ಕೊಮ್ಮೆ ಪರಿಣಾಮದ ವರದಿ ಮಾತ್ರ ಸಿಗುತ್ತದೆ. ಹಣಕ್ಕೆ ಪ್ರತಿಯಾಗಿ ಬರುವುದು ಬರೀ ಮಾತೇ ಆದಮೇಲೆ ಆ ಮಾತಿನ ಬಗ್ಗೆ ಎಚ್ಚರ ಹೆಚ್ಚಬೇಕು. ಅದನ್ನು ಪರಿಶೀಲಿಸುವ ವೃತ್ತಿಪರರನ್ನು ನಿಯಮ ಗುರುತಿಸಿದೆ, ಇದು ಒಳ್ಳೆಯದೇ. ತರಬೇತಿ ಪಡೆದ ಹುಡುಗ ಅಥವಾ ಹುಡುಗಿ ಅದನ್ನು ಓದಿ, ಇದು ಹೀಗಲ್ಲ ಎನ್ನಬಹುದಾದ ಜಾಗ ಇನ್ನೂ ಹುಟ್ಟಿಲ್ಲ.

ಅಂಥ ಜಾಗದ ಒಂದು ಮಾದರಿ ನಮ್ಮಲ್ಲೇ ಇದೆ. ಮೈರಾಡ ಸಂಸ್ಥೆ 1984–85ರ ಸುಮಾರಿಗೆ ಕರ್ನಾಟಕದಲ್ಲಿ ಕಂಡದ್ದು, ಮುರಿದುಬಿದ್ದ ದೊಡ್ಡ ಸಹಕಾರ ಸಂಘಗಳಿಂದ ಹೊರಬಂದು ತಾವೇ ಸಣ್ಣ ಗುಂಪು ಕಟ್ಟಿಕೊಂಡ ಜನರನ್ನು. ಆ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಈ ಸಂಘಗಳಲ್ಲಿ ಮೊದಲು ಸ್ವಂತ ಉಳಿತಾಯ, ಆಮೇಲೆ ಸಾಲ. ಬಡ್ಡಿ ಎಷ್ಟು, ಯಾರಿಗೆ ಮೊದಲು, ಆಸ್ಪತ್ರೆಯ ಖರ್ಚಿಗೆ ಕೊಡಬಹುದೇ, ಕಂತು ತಪ್ಪಿದವಳಿಗೆ ಎಷ್ಟು ವಾಯಿದೆ ಎಂಬುದು ಸಭೆಯಲ್ಲಿ ತೀರ್ಮಾನವಾಗಿ ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಆ ಪುಸ್ತಕದ ಕನ್ನಡದಲ್ಲಿ ಯಾವ ಮೆರುಗೂ ಇಲ್ಲ. ಅಕ್ಷರ ಬಲ್ಲ ಒಬ್ಬಿಬ್ಬರು ತಮಗೆ ಬೇಕಾದಂತೆ ಬರೆಯುವುದೂ ಉಂಟು, ಸಂಘದೊಳಗಿನ ಜಾತಿಯ ಲೆಕ್ಕಾಚಾರವೂ ಉಂಟು. ಅದನ್ನು ಬೆಳ್ಳಗೆ ಮಾಡಿ ತೋರಿಸಬೇಕಾಗಿಲ್ಲ. ಆದರೂ ಸಾಲ ಪಡೆದವಳೇ ಮಾತಾಡುವವಳೂ ಆಗಿರುವ ದಾಖಲೆ ಇದೊಂದೇ. ಕಿರುಸಾಲ ಕಂಪನಿಗಳು ಈ ಗುಂಪಿನ ರೂಪವನ್ನು ತೆಗೆದುಕೊಂಡವು, ಸಂಘ ಎಂಬ ಹೆಸರೂ ಊರೂರಲ್ಲಿ ಅವಕ್ಕೇ ಅಂಟಿತು. ತೀರ್ಮಾನ ಮಾಡುವ ಸಭೆ ಮತ್ತು ನಡಾವಳಿ ಪುಸ್ತಕ ಮಾತ್ರ ಅವುಗಳ ಜೊತೆ ಹೋಗಲಿಲ್ಲ.

ಈ ಸಭೆಯಲ್ಲಿ ಸಮಾಜಕಾರ್ಯ, ಆಡಳಿತ ನಿರ್ವಹಣೆ ಓದುತ್ತಿರುವವರಿದ್ದೀರಿ. ನಿಮ್ಮಲ್ಲಿ ಹಲವರು ಮುಂದೆ ಇಂಥ ಬಿನ್ನಹ ಬರೆಯುತ್ತೀರಿ, ಕೆಲವರು ಅದನ್ನು ಕೇಳಿ ಹಣ ಮಂಜೂರು ಮಾಡುವ ಕುರ್ಚಿಯಲ್ಲಿ ಕೂರುತ್ತೀರಿ. ಬರೆಯುವವರು ಚಂದವಾಗಿಯೇ ಬರೆಯಿರಿ. ಬೇಸರ ಹುಟ್ಟಿಸುವ ಪ್ರಾಮಾಣಿಕತೆಯಿಂದ ಯಾರಿಗೂ ಲಾಭವಿಲ್ಲ. ಮಂಜೂರು ಮಾಡುವವರಲ್ಲಿ ಮತ್ತು ರಾಜ್ಯ ಸರ್ಕಾರದಲ್ಲಿ ನನ್ನದೊಂದು ಕೋರಿಕೆಯಿದೆ. ಕರ್ನಾಟಕದ ಒಂದು ಊರಿನ ಹೆಸರಿನಲ್ಲಿ ಹಣ ಎತ್ತಿದ ಯಾವುದೇ ಸಂಸ್ಥೆ, ಅದಕ್ಕಾಗಿ ಮಾಡಿದ ಬಿನ್ನಹದ ಮತ್ತು ವರ್ಷದ ವರದಿಯ ಕನ್ನಡ ಪ್ರತಿಯನ್ನು ಆ ಊರಿನ ಗ್ರಾಮ ಪಂಚಾಯಿತಿಗೆ ಸಲ್ಲಿಸಬೇಕು, ಗ್ರಾಮಸಭೆಯಲ್ಲಿ ಅದನ್ನು ಓದಿಸಬೇಕು, ಅಲ್ಲಿ ಬಂದ ಆಕ್ಷೇಪಗಳನ್ನು ವರದಿಗೆ ಸೇರಿಸಿಯೇ ದಾನಿಗೆ ಕಳಿಸಬೇಕು. ಇದಕ್ಕೆ ತಗಲುವ ಖರ್ಚು ಒಂದು ಅನುವಾದ ಮತ್ತು ಒಂದು ಮಧ್ಯಾಹ್ನದ್ದು. ಅನುದಾನದ ಕರಾರಿನಲ್ಲಿ ಈ ಷರತ್ತನ್ನು ಇಂದೇ ಸೇರಿಸಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಹಣ ಕೊಡುವವರು ಸೇರಿಸಲಿ.